ಗಾಜಿನ ಮೇಲೆ ಗುಮ್ಮಟ

ಕೊಳಕೂರ, 22 ಮಾರ್ಚ್ 2025

ಗುಮ್ಮಟ ಇವತ್ತೂ ಕುಂಬಳಕಾಯಿಯಾಯಿತು. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಟ್ಯಾಬ್ ಮೇಲೆ ಅಳಿಸುವುದೆಂದರೆ ಎರಡು ಬೆರಳಿಂದ ಒಮ್ಮೆ ತಟ್ಟುವುದು, ಅಷ್ಟೆ. ರಬ್ಬರಿನ ಪುಡಿ ಊದುವ ಕೆಲಸ ಸಹ ಇಲ್ಲ. ಮಧ್ಯಾಹ್ನ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಸಂಜೆ ನೋಡಿದರೆ ಪರದೆ ಮುಂಜಾನೆಯಷ್ಟೇ ಬೆಳ್ಳಗಿತ್ತು.

ಮಕ್ಕಳಿಗಾಗಿ ಕಲಬುರಗಿ ಜಿಲ್ಲೆಯ ಹಳೆಯ ಕಟ್ಟಡಗಳ ಪುಸ್ತಕ, ಅದಕ್ಕೆ ಚಿತ್ರ ಬರೆಯುವ ಕೆಲಸ ನನ್ನದು. “ನಿಮ್ಮ ಕಡೆಯವೇ ಅಲ್ವಾ, ನಿಮಗೆ ಸುಲಭ” ಎಂದರು ಬೆಂಗಳೂರಿನ ಸಂಪಾದಕಿ ಮೇಡಂ. ಸುಲಭವಂತೆ! ಆಡು ಬರೆ, ಎತ್ತು ಬರೆ, ತೊಗರಿ ರಾಶಿ ಮಾಡುವ ಹೆಣ್ಣುಮಕ್ಕಳನ್ನು ಬರೆ ಅಂದರೆ ನಿದ್ದೆಗಣ್ಣಲ್ಲೂ ಬರೆದೇನು. ಆಡಿನ ಕಾಲು ಒಂದಿಷ್ಟು ಸೊಟ್ಟಗಾದರೆ ಆಡು ಕುಣಿಯುತ್ತಿದೆ ಅನ್ನಬಹುದು. ಕಟ್ಟಡಕ್ಕೆ ಆ ರಿಯಾಯಿತಿ ಇಲ್ಲ. ಒಂದು ಕಿಟಕಿ ಬೆರಳಷ್ಟು ಆಚೆ ಹೋದರೂ ಇಡೀ ಗೋಡೆ ಸುಳ್ಳು ಹೇಳತೊಡಗುತ್ತದೆ.

25 ಮಾರ್ಚ್

ಗಾಜು ಬಹಳ ನುಣುಪು. ಕಾಗದವಾದರೆ ಪೆನ್ಸಿಲನ್ನು ತುಸು ಹಿಡಿದು ಬಿಡುತ್ತದೆ, ಆ ಹಿಡಿತದಿಂದಲೇ ಕೈಗೆ ತನ್ನ ವೇಗ ತಿಳಿಯುವುದು. ಇಲ್ಲಿ ಪೆನ್ನು ಜಾರಿಕೊಂಡು ಹೋಗುತ್ತದೆ. ಸಣ್ಣ ಗೆರೆಗೆ ಅಷ್ಟು ತ್ರಾಸಿಲ್ಲ. ಕೋಟೆಗೋಡೆಯ ಉದ್ದ ಗೆರೆ ಎಳೆದಾಗ ಮಾತ್ರ ಕೊನೆಗೊಂದು ಬಾಲ ಬಂದೇ ಬರುತ್ತದೆ.

ತಮ್ಮ ಕಲಬುರಗಿಯಿಂದ ಒರಟು ಮೈಯ ಫಿಲ್ಮ್ ತಂದು ಅಂಟಿಸಿಕೊಟ್ಟ. ಈಗ ಮೇಲು. ಬಣ್ಣ ಸ್ವಲ್ಪ ಮಬ್ಬು ಕಾಣುತ್ತದೆ, ಪೆನ್ನಿನ ತುದಿಯೂ ಬೇಗ ಸವೆಯುತ್ತದಂತೆ. ಸವೆಯಲಿ. ದುಡ್ಡಿಲ್ಲದ ಇನ್ನೊಂದು ಉಪಾಯ, ಮಣಿಕಟ್ಟು ಬಿಟ್ಟು ಭುಜದಿಂದ ಗೆರೆ ಎಳೆಯುವುದು. ಕಾಲೇಜಿನಲ್ಲಿ ಗುರುಗಳು ಗೋಡೆಯಷ್ಟು ದೊಡ್ಡ ಹಾಳೆಯ ಮುಂದೆ ನಿಲ್ಲಿಸಿ ಮಾಡಿಸುತ್ತಿದ್ದದ್ದು ಇದನ್ನೇ. ಹತ್ತಿಂಚಿನ ಗಾಜಿನ ಮೇಲೂ ಭುಜಕ್ಕೆ ಕೆಲಸ ಇದೆ.

28 ಮಾರ್ಚ್

ಅರ್ಧ ಬರೆದ ಚಿತ್ರ ಹೋಯಿತು. ಸೋದರತ್ತೆಯ ಫೋನು ಬಂತು, ಅದೂ ಟ್ಯಾಬ್‌ನಲ್ಲೇ. ವಿಡಿಯೋದಲ್ಲಿ ಮಾತಾಡಿ ತಿರುಗಿ ಬರುವಷ್ಟರಲ್ಲಿ ಚಿತ್ರದ ಆ್ಯಪ್ ತಾನೇ ಮುಚ್ಚಿಕೊಂಡಿತ್ತು. ಸಿಟ್ಟು ಬಂದು ಲೆಕ್ಕಕ್ಕೆ ಕೂತೆ.

ಎರಡು ಪುಟ ಸೇರಿದ ಚಿತ್ರ, ಎ3 ಅಳತೆ, 300 ಡಿಪಿಐ ಅಂದರೆ 4961 ಅಡ್ಡ, 3508 ಉದ್ದ. ಒಟ್ಟು 1 ಕೋಟಿ 74 ಲಕ್ಷ ಪಿಕ್ಸೆಲ್. ಒಂದಕ್ಕೆ ನಾಲ್ಕು ಬೈಟ್ ಹಿಡಿದರೆ ತುಂಬಿದ ಒಂದು ಲೇಯರ್‌ಗೆ ಹತ್ತಿರಹತ್ತಿರ 70 ಎಂಬಿ. ಕಂಬಕ್ಕೊಂದು, ಕಮಾನಿಗೊಂದು, ಕಾಗೆಗೊಂದು ಅಂತ ಲೇಯರ್ ಇಪ್ಪತ್ತೈದಕ್ಕೆ ಹೋದರೆ ಒಂದೂಮುಕ್ಕಾಲು ಜಿಬಿ ಅಲ್ಲೇ ಮುಗಿಯಿತು. ನನ್ನ ಟ್ಯಾಬ್‌ನಲ್ಲಿ ಇರುವುದೇ 4 ಜಿಬಿ, ಅದರಲ್ಲಿ ಆಂಡ್ರಾಯ್ಡ್ ತನ್ನ ಪಾಲನ್ನು ಮೊದಲೇ ಎತ್ತಿಟ್ಟುಕೊಂಡಿರುತ್ತದೆ. ಉಳಿದಿದ್ದರಲ್ಲಿ ಅತ್ತೆಯ ವಿಡಿಯೋ ಕಾಲೂ ನನ್ನ ಕೋಟೆಯೂ ಒಟ್ಟಿಗೆ ಹಿಡಿಸುವುದಿಲ್ಲ.

ಇನ್ನು ಮುಂದೆ ಕಚ್ಚಾ ಗೆರೆ, ಪಕ್ಕಾ ಗೆರೆ, ಬಣ್ಣ, ನೆರಳು ಇಷ್ಟೇ. ಕಚ್ಚಾದ್ದನ್ನು ಕೆಲಸ ಮುಗಿದ ಮೇಲೆ ತೆಗೆದುಬಿಡುವುದು. ಬರೆಯುವ ಹೊತ್ತಿನಲ್ಲಿ ಟ್ಯಾಬ್‌ನಲ್ಲಿ ಬೇರೆ ಏನೂ ತೆರೆದಿರಬಾರದು. ಅತ್ತೆಗೆ ಫೋನಿಗೇ ಮಾಡು ಅಂತ ಹೇಳಬೇಕು, ಹೇಗೆ ಹೇಳುವುದೋ.

3 ಏಪ್ರಿಲ್

ರಂಜಾನ್ ಮುಗಿಯಲಿ ಎಂದು ಕಾದು ಇವತ್ತು ಕೋಟೆಗೆ ಹೋದೆ. ಜೇವರ್ಗಿಯಲ್ಲಿ ಬಸ್ಸು ಬದಲಿಸಿ ಕಲಬುರಗಿ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಬಯಲಲ್ಲಿ ಪರದೆ ತೆರೆದರೆ ಕಂಡದ್ದು ನನ್ನ ಮುಖವೇ. ಸ್ವಲ್ಪ ಹೊತ್ತಿಗೆ ಮೈ ಬಿಸಿಯಾಗಿದೆ ಎಂದು ಟ್ಯಾಬ್ ಕೆಲಸ ನಿಲ್ಲಿಸಿತು. ಅದಕ್ಕಾದರೂ ಹೇಳಲಿಕ್ಕೆ ಬರುತ್ತದೆ.

ನೆರಳು ಹುಡುಕಿ ಜಾಮಿ ಮಸೀದಿಯೊಳಗೆ ಹೋದೆ. ಎಷ್ಟು ಸಲ ನೋಡಿದ್ದರೂ ಬರೆಯಬೇಕು ಅಂತ ಕೂತಾಗ ಕಾಣುವುದೇ ಬೇರೆ. ಸಾಮಾನ್ಯವಾಗಿ ಮಸೀದಿಗೆ ಒಂದು ತೆರೆದ ಅಂಗಳ ಇರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಇಡೀ ಜಾಗಕ್ಕೆ ಮೇಲೆ ಗುಮ್ಮಟಗಳ ಸಾಲು ಹೊದಿಸಿಬಿಟ್ಟಿದ್ದಾರೆ. ಪಶ್ಚಿಮಕ್ಕೆ ಒಂದು ದೊಡ್ಡದು, ನಾಲ್ಕು ಮೂಲೆಗೆ ನಾಲ್ಕು, ನಡುವೆ ಸಣ್ಣ ಸಣ್ಣವು. 1367ರ ಶಾಸನ ಇದೆ. ಕಟ್ಟಿದವನು ರಫಿ, ಇರಾನಿನ ಕಜ್ವೀನ್ ಕಡೆಯವನು. ಒಳಗೆ ನಿಂತರೆ ದಪ್ಪ ಕಂಬಗಳು ಒಂದರ ಹಿಂದೊಂದು ಸಣ್ಣಗಾಗುತ್ತ ಹೋಗುತ್ತವೆ. ಪರ್‌ಸ್ಪೆಕ್ಟಿವ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲಿಲ್ಲ.

ನನ್ನನ್ನು ತಡೆದದ್ದು ಹೊರಸುತ್ತಿನ ಕಮಾನು. ಅದರ ಅಗಲ ನೋಡಿದರೆ ಎತ್ತರವೂ ಅದಕ್ಕೆ ತಕ್ಕಂತೆ ಇರಬೇಕು ಎಂದು ಕೈ ತಾನಾಗಿಯೇ ಮೇಲೆ ಹೋಗುತ್ತದೆ. ಆದರೆ ಕಮಾನು ಶುರುವಾಗುವುದೇ ತೀರಾ ಕೆಳಗೆ, ಕಂಬದ ಮೊಳಕಾಲಿಗೆ ಎನ್ನಬೇಕು. ಪೆನ್ನನ್ನೇ ತೋಳುದ್ದ ಚಾಚಿ, ಒಂದು ಕಣ್ಣು ಮುಚ್ಚಿ, ಅಗಲ ಅಳೆದು ಅದೇ ಅಳತೆಯನ್ನು ನೆಟ್ಟಗೆ ತಿರುಗಿಸಿ ಹಿಡಿದೆ. ಕಣ್ಣಿಗೆ ಕಂಡದ್ದಕ್ಕೂ ತಲೆಯಲ್ಲಿದ್ದದ್ದಕ್ಕೂ ಇರುವ ಫರಕು ಆಗ ತಿಳಿಯಿತು. ತಲೆಯಲ್ಲಿ ಇದ್ದದ್ದು ಎಲ್ಲ ಕಮಾನುಗಳ ಸರಾಸರಿ. ಎದುರಿಗಿದ್ದದ್ದು ಇದೊಂದೇ ಕಮಾನು.

ನಮಾಜಿಗೆ ಬಂದಿದ್ದ ಹಿರಿಯರೊಬ್ಬರು ಬಗ್ಗಿ ನೋಡಿ, “ಬೇಟಿ, ಬೆಳಕು ಬರೀ. ಇಲ್ಲಿ ಬೆಳಕು ಬಾಜೂದಿಂದ ಬರ್ತದ, ಮ್ಯಾಲಿಂದ ಅಲ್ಲ” ಎಂದರು. ಹೌದು. ಅಂಗಳ ಇಲ್ಲದ್ದಕ್ಕೆ ಬೆಳಕು ಬದಿಯ ಕಮಾನುಗಳಿಂದ ನೆಲದ ಮೇಲೆ ಅಡ್ಡ ಬೀಳುತ್ತದೆ. ನೆರಳಿನ ಲೇಯರ್ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಅಲ್ಲೇ ತೀರ್ಮಾನವಾಯಿತು.

6 ಏಪ್ರಿಲ್

ಹಸನ್ ಬಹಮನ್ ಷಾನ ಗೋರಿ, ಕೋಟೆಯ ಹೊರಗಿರುವುದು. 1347ರಲ್ಲಿ ಬಹಮನಿ ರಾಜ್ಯ ಕಟ್ಟಿ 1358ರಲ್ಲಿ ತೀರಿಕೊಂಡ. ಚೌಕ ಕೋಣೆ, ಮೇಲೆ ತಗ್ಗಾದ ಗುಮ್ಮಟ, ಅಲಂಕಾರ ಕಡಿಮೆ. ಇದು ಒಂದು ತಾಸಿನ ಕೆಲಸ ಎಂದು ಕೂತೆ.

ನನ್ನ ಚಿತ್ರದ ಆ್ಯಪ್ ಕ್ರಿತಾದಲ್ಲಿ ಗೆರೆಗೆ ಆಸರೆ ಕೊಡುವ ಸಾಧನಗಳು ಇವೆ. ಸಮಾನಾಂತರ ಪಟ್ಟಿ, ಗೆರೆಗಳೆಲ್ಲ ಹೋಗಿ ಕೂಡುವ ಬಿಂದು, ಹೀಗೆ. ಸ್ನ್ಯಾಪ್ ಒತ್ತಿದರೆ ಕೈ ಹೇಗೆ ನಡುಗಿದರೂ ಗೆರೆ ಪಟ್ಟಿಗೆ ಅಂಟಿಕೊಂಡೇ ಓಡುತ್ತದೆ. ನಿಲುವಿನ ಗೆರೆಗಳನ್ನೆಲ್ಲ ಅದಕ್ಕೆ ಕೊಟ್ಟೆ. ಎಲ್ಲ ಸರಿಯಾಗಿ ಬಂತು, ಗೋರಿ ಮಾತ್ರ ಬರಲಿಲ್ಲ. ಬಸ್ ನಿಲ್ದಾಣದ ಶೌಚಾಲಯವೊಂದಕ್ಕೆ ಗುಮ್ಮಟ ಇಟ್ಟ ಹಾಗೆ ಕಂಡಿತು.

ಫೋಟೋ ದೊಡ್ಡದು ಮಾಡಿ ನೋಡಿದೆ. ಗೋಡೆಗಳು ನೆಟ್ಟಗಿಲ್ಲ. ಬುಡದಿಂದ ಮೇಲೆ ಹೋಗುತ್ತ ಒಳಕ್ಕೆ ಬಾಗಿವೆ, ಸ್ವಲ್ಪವೇ. ದಿಲ್ಲಿಯ ತುಘಲಕರ ಕಾಲದ ಕಟ್ಟಡಗಳ ರೀತಿ ಅದು; ಹೊಸ ರಾಜ್ಯ ಕಟ್ಟಿದರೂ ಕಟ್ಟುವ ಕೈಗಳು ಹಳೆಯ ಅಭ್ಯಾಸ ಬಿಡಲಿಲ್ಲ. ಆ ಬಾಗಿನಿಂದಲೇ ಕಟ್ಟಡ ನೆಲ ಕಚ್ಚಿಕೊಂಡು ಕೂತಂತೆ ಕಾಣುವುದು. ಸ್ನ್ಯಾಪ್ ಅದನ್ನು ತಪ್ಪೆಂದು ತಿಳಿದು ತಿದ್ದಿಬಿಟ್ಟಿತ್ತು.

ಸ್ನ್ಯಾಪ್ ಬಂದ್. ಪಟ್ಟಿ ಪರದೆಯ ಮೇಲೆ ಕಾಣುತ್ತಿರಲಿ, ಗೆರೆ ನನ್ನದಿರಲಿ. ಪಟ್ಟಿಯಿಂದ ಗೋಡೆ ಎಷ್ಟು ದೂರ ಸರಿದಿದೆ ಎಂದು ನೋಡಲಿಕ್ಕಷ್ಟೇ ಅದು.

7 ಏಪ್ರಿಲ್

ಕರೆಂಟಿಲ್ಲ. ಕೆಲಸ ಇಲ್ಲ. ಅವ್ವನ ಜೊತೆ ಸಂಡಿಗೆ ಹಾಕಿದೆ.

11 ಏಪ್ರಿಲ್

ತಮ್ಮ ಬಂದು ಹಿಂದೆ ನಿಂತ. “ಅಕ್ಕಾ, ಇಷ್ಟ್ಯಾಕ ಒದ್ದಾಡ್ಲಿಕ್ಕತ್ತಿ? ಎಐಗೆ ಹೇಳಿದ್ರ ಒಂದು ನಿಮಿಷದಾಗ ಕೊಡ್ತದ.” ಹೇಳಿಯೂ ತೋರಿಸಿದ. ಕಲಬುರಗಿ ಕೋಟೆಯ ಮಸೀದಿ ಎಂದು ಕೇಳಿದ್ದಕ್ಕೆ ಅಮೃತಶಿಲೆಯಂಥ ಬಿಳಿ ಕಟ್ಟಡ ಬಂತು, ಉಬ್ಬಿದ ಈರುಳ್ಳಿ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರು, ಮುಂದೊಂದು ನೀರಿನ ಕೊಳ ಬೇರೆ.

“ಇದು ಆಗ್ರಾ ಅದ ಅಲ್ಲೋ” ಅಂದೆ. ಅವನಿಗೇ ನಗು ಬಂತು.

ಚಂದ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಕಡೆಯ ಮಗು ಈ ಪುಸ್ತಕ ಹಿಡಿದು ಕೋಟೆಗೆ ಹೋದರೆ ಚಿತ್ರದಲ್ಲಿದ್ದ ಮಸೀದಿಯನ್ನು ಹುಡುಕಬೇಕಾಗುತ್ತದೆ.

“ಹಂಗಾರ ನೀ ಟ್ಯಾಬ್ ಹಿಡ್ಕೊಂಡು ಮಾಡೋದೂ ಮಷೀನಿನ ಕೆಲಸಾನೇ ಅಲ್ಲ?” ಎಂದು ವಾದಕ್ಕಿಳಿದ. ಊಟದ ಹೊತ್ತಿನವರೆಗೂ ನಡೆಯಿತು. ಕಟ್ಟಡ ಬರೆಯುವವರು ಎಂದೂ ಬರಿಗೈಯಲ್ಲಿ ಕೂತವರಲ್ಲ. ಚಿತ್ರಕಾರರಾದ ಡೇನಿಯಲ್ ಬಂಧುಗಳು 1786ರಲ್ಲಿ ಇಂಡಿಯಾಕ್ಕೆ ಬಂದು ಊರೂರು ಸುತ್ತಿದಾಗ ಕ್ಯಾಮೆರಾ ಅಬ್‌ಸ್ಕ್ಯೂರಾ ಪೆಟ್ಟಿಗೆ ಹೊತ್ತುಕೊಂಡೇ ಸುತ್ತಿದರು. ಎದುರಿನ ಕಟ್ಟಡದ ಬಿಂಬ ಕಾಗದದ ಮೇಲೆ ಬೀಳುತ್ತಿತ್ತು, ಅದರ ಗುಂಟ ಗೆರೆ. 1806ರಲ್ಲಿ ವೊಲಾಸ್ಟನ್ ಎಂಬಾತ ಕ್ಯಾಮೆರಾ ಲ್ಯೂಸಿಡಾಕ್ಕೆ ಪೇಟೆಂಟ್ ಪಡೆದ. ಒಂದು ಸಣ್ಣ ಗಾಜಿನ ಪಟ್ಟಕ, ಅದರೊಳಗೆ ನೋಡಿದರೆ ಕಟ್ಟಡವೂ ಕಾಗದವೂ ಒಂದರ ಮೇಲೊಂದು ಕಾಣುತ್ತವೆ. ನಮ್ಮ ಕಾಲದ ಚಿತ್ರಕಾರ ಡೇವಿಡ್ ಹಾಕ್ನಿ ಎಪ್ಪತ್ತು ದಾಟಿದ ಮೇಲೆ ಐಪ್ಯಾಡ್ ಹಿಡಿದು 2011ರ ವಸಂತವನ್ನೆಲ್ಲ ಅದರ ಮೇಲೆ ಬರೆದರು. ಸಾಧನ ಇರಲಿ. ಎದುರಿಗೆ ಕಟ್ಟಡ ಇದೆಯೋ ಇಲ್ಲವೋ, ನನ್ನ ತಕರಾರು ಅಷ್ಟೇ.

ತಮ್ಮ ಒಪ್ಪಲಿಲ್ಲ. ಒಪ್ಪುವ ವಯಸ್ಸೂ ಅಲ್ಲ.

16 ಏಪ್ರಿಲ್

ಬಾಜೂಮನೆಯ ಮಾಳಿಗೆ ಕೆಡವಿ ಹೊಸ ಗೋಡೆ ಎಬ್ಬಿಸುತ್ತಿದ್ದಾರೆ. ಹಳೆಯ ಜಂತಿಗಳು, ಶಹಾಬಾದಿ ಫರಸಿಗಳು ನಮ್ಮ ಕಟ್ಟೆಗೆ ಒರಗಿಸಿದ್ದಾರೆ. ಚಹಾ ಕುಡಿಯಲು ಕೂತ ಗೌಂಡಿ ಕಾಕಾ ಟ್ಯಾಬ್ ಇಣುಕಿ ನೋಡಿದರು. ನಾನು ಊರ ಅಗಸಿ ಬರೆಯುತ್ತಿದ್ದೆ. ಎಡದಿಂದ ಶುರು ಮಾಡಿ ಬಲಕ್ಕೆ ಹೋಗುವಷ್ಟರಲ್ಲಿ ಬಲದ ಬುರುಜು ಹಾಳೆಯ ಹೊರಗೆ ಹೋಗುತ್ತಿತ್ತು.

“ಯವ್ವಾ, ಈ ಗ್ವಾಡಿ ಯಾವ ಕಡಿಂದ ಕಟ್ಟಕೋತ ಬಂದಿ?”

“ಎಡಕ್ಕಿಂದ ಕಾಕಾ.”

“ಹಂಗ ಯಾರೂ ಕಟ್ಟಂಗಿಲ್ಲ. ಮೊದಲ ಎರಡೂ ಮೂಲಿ ಎಬ್ಬಸಬೇಕು. ಗುಂಡು ಬಿಟ್ಟು ನೋಡಬೇಕು. ಮೂಲಿಗೆ ಮೂಲಿಗೆ ದಾರ ಕಟ್ಟಬೇಕು. ಆಮ್ಯಾಲ ನಡುವಿಂದು ತುಂಬಕೋತ ಹೋಗೂದು. ದಾರ ಇದ್ದಲ್ಲಿ ಕಲ್ಲು ಎಲ್ಲಿ ಓಡಿ ಹೋಗತದ?”

ಚಹಾ ಮುಗಿಸಿ ಎದ್ದು ಹೋದರು. ನಾನು ಅವರ ಕೆಲಸ ನೋಡುತ್ತ ಕೂತೆ. ಎಡ ಮೂಲೆಗೆ ನಾಲ್ಕು ವರಸೆ, ಬಲ ಮೂಲೆಗೆ ನಾಲ್ಕು ವರಸೆ, ನಡುವೆ ಖಾಲಿ. ದಾರವನ್ನು ಕಲ್ಲಿಗೆ ಸುತ್ತಿ ಬೆರಳಿಂದ ಒಮ್ಮೆ ಮೀಟಿದರು. ಸಡಿಲಿದ್ದರೆ ನಡುವೆ ಜೋತು ಬೀಳುತ್ತದಂತೆ. ಆಮೇಲೆ ಕಲ್ಲು ಇಡುವಾಗ ಅವರು ಗೋಡೆಯನ್ನು ನೋಡುತ್ತಲೇ ಇರಲಿಲ್ಲ, ದಾರವನ್ನಷ್ಟೇ ನೋಡುತ್ತಿದ್ದರು. ಕಲ್ಲು ದಾರಕ್ಕೆ ಮುಟ್ಟಬಾರದು, ಒಂದು ಕೂದಲೆಳೆ ಬಿಡಬೇಕು. ಮುಟ್ಟಿದರೆ ದಾರ ಹೊರಕ್ಕೆ ಸರಿದು ಮುಂದಿನ ಕಲ್ಲೆಲ್ಲ ಸುಳ್ಳಾಗುತ್ತವೆ.

ಮನೆಯೊಳಗೆ ಬಂದು ಅಗಸಿಯನ್ನು ಅದೇ ಕ್ರಮದಲ್ಲಿ ಶುರು ಮಾಡಿದೆ. ಮೊದಲು ನನ್ನ ಕಣ್ಣಿನ ಮಟ್ಟದ ಗೆರೆ, ಹಾಳೆಯ ಆ ಕಡೆಯಿಂದ ಈ ಕಡೆಗೆ. ಆಮೇಲೆ ಎರಡು ಬುರುಜಿನ ಹೊರ ಅಂಚು. ಆಮೇಲೆ ಮೇಲಿನ ಕುಂಬಿ ಎಲ್ಲಿಂದ ಎಲ್ಲಿಗೆ. ನಡುವಿನ ಬಾಗಿಲಿಗೆ ಆಗ ಹೋಗಲು ಜಾಗ ಒಂದೇ ಉಳಿಯಿತು, ಅಲ್ಲೇ ಕೂತಿತು. ಬರೆಯುವಾಗ ಪರದೆ ಹಿಗ್ಗಿಸಲಿಲ್ಲ. ಹಿಗ್ಗಿಸುವುದೇ ನನ್ನ ದೊಡ್ಡ ಶನಿ: ಎರಡು ಬೆರಳು ಅಗಲಿಸಿದರೆ ಒಂದೇ ಕಲ್ಲು ಪರದೆ ತುಂಬ ಬರುತ್ತದೆ, ಅದರ ಬಿರುಕು, ಸುಣ್ಣದ ಕಲೆ, ಪಾಚಿ ಬರೆಯುತ್ತ ಕೂತರೆ ಗೋಡೆ ಎಲ್ಲಿದೆ ಅನ್ನುವುದೇ ಮರೆತುಹೋಗುತ್ತದೆ. ಮೂಲೆಗಳು ನಿಲ್ಲುವವರೆಗೆ ಹಿಗ್ಗಿಸುವ ಹಾಗಿಲ್ಲ.

ರಾತ್ರಿ ಜಾಮಿ ಮಸೀದಿಯನ್ನೂ ಇದೇ ರೀತಿ ತೆಗೆದೆ. ಬಂತು.

21 ಏಪ್ರಿಲ್

ಗುಮ್ಮಟದ ಸಮಾಚಾರ. ಕಲಬುರಗಿಯ ಹಫ್ತ್ ಗುಂಬಜಿನಲ್ಲಿ ಬಹಮನಿ ಸುಲ್ತಾನ ಫಿರೋಜ್ ಷಾನ ಗೋರಿ, 1422ರದ್ದು, ಒಂದರ ಬಾಜೂಕ್ಕೊಂದು ಎರಡು ಗುಮ್ಮಟ. ಗುಮ್ಮಟದ ಬುಡ ಒಂದು ವೃತ್ತ. ಕೆಳಗಿನಿಂದ ನೋಡಿದಾಗ ಅದು ಚಪ್ಪಟೆಯಾದ ವೃತ್ತವಾಗುತ್ತದೆ, ನಮ್ಮ ಕಡೆಯ ಅಂಚು ಮೇಲಕ್ಕೆ ಬಾಗುತ್ತದೆ. ಕಣ್ಣಿನ ಮಟ್ಟಕ್ಕೆ ಹತ್ತಿರ ಇದ್ದರೆ ಬಾಗು ಕಡಿಮೆ, ಎತ್ತರಕ್ಕೆ ಹೋದಷ್ಟೂ ಹೆಚ್ಚು. ಬುಡದ ಗೆರೆಯನ್ನು ನೇರ ಎಳೆದು ಮೇಲೆ ಅರ್ಧ ಚೆಂಡು ಇಟ್ಟರೆ ಅದು ಕಟ್ಟಡದ ಮೇಲೆ ಕೂರುವುದಿಲ್ಲ, ಅಂಟಿಸಿದ ಹಾಗೆ ಕಾಣುತ್ತದೆ. ಇಡೀ ವೃತ್ತವನ್ನು ಕಚ್ಚಾ ಗೆರೆಯಲ್ಲಿ ಬರೆದು, ಹಿಂದಿನ ಅರ್ಧ ಸಹಿತ, ನಡುವಿನಿಂದ ಒಂದು ನಿಲುವಿನ ಗೆರೆ ಎತ್ತಿ ಶಿಖರ ಗುರುತು ಮಾಡಿ, ಆಮೇಲೆ ಎರಡೂ ಕಡೆ ಇಳಿಸಬೇಕು. ಕಾಣದ ಹಿಂಬದಿಯನ್ನು ಬರೆದಾಗಲೇ ಮುಂಬದಿ ದುಂಡಗಾಗುವುದು.

ಇಲ್ಲಿ ಫಿರೋಜನ ಗೋರಿಯ ಮೇಲೆ ಗುಮ್ಮಟ ಏರುತ್ತಿದ್ದ ಕಾಲಕ್ಕೇ ಅಲ್ಲಿ ಫ್ಲಾರೆನ್ಸಿನಲ್ಲಿ ಬ್ರುನೆಲೆಸ್ಕಿ ತನ್ನ ದೊಡ್ಡ ಗುಮ್ಮಟ ಎಬ್ಬಿಸುತ್ತಿದ್ದ. ಅದು 1420ರಲ್ಲಿ ಶುರುವಾಗಿ 1436ಕ್ಕೆ ಮುಗಿದದ್ದು. ಪರ್‌ಸ್ಪೆಕ್ಟಿವ್ ಲೆಕ್ಕ ಮೊದಲು ಹಾಕಿ ತೋರಿಸಿದವನು ಅವನೇ ಅನ್ನುತ್ತಾರೆ. ಅದನ್ನು ಆಲ್ಬರ್ಟಿ 1435ರಲ್ಲಿ ಪುಸ್ತಕಕ್ಕೆ ಇಳಿಸಿದ. ಒಂದಕ್ಕೊಂದರ ಹೆಸರೂ ಗೊತ್ತಿರದ ಎರಡು ಊರುಗಳು. ಇದನ್ನು ಪುಸ್ತಕದಲ್ಲಿ ಒಂದು ಮೂಲೆಗೆ ಹಾಕಿ ಎಂದು ಮೇಡಂಗೆ ಬರೆಯಬೇಕು.

2 ಮೇ

ಫಿರೋಜಾಬಾದ್. ಕಲಬುರಗಿ ರಸ್ತೆಯಲ್ಲಿ ಎಷ್ಟು ಸಲ ದಾಟಿ ಹೋಗಿದ್ದೇನೋ, ಇಳಿದದ್ದು ಕಡಿಮೆ. ಅದೇ ಫಿರೋಜ್ ಷಾ 1400ರಲ್ಲಿ ಕಟ್ಟಿಸಿದ ಊರು. ಪಡುವಣಕ್ಕೆ ಭೀಮೆಯೇ ಕಾವಲು, ಉಳಿದ ಮೂರು ಕಡೆ ಗೋಡೆ. ಒಳಗೆ ಈಗ ಹೊಲ, ಜಾಲಿಗಿಡ. ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ ಸೇರಿ 1992ರಲ್ಲಿ ಇದೊಂದರ ಮೇಲೇ ಪುಸ್ತಕ ತಂದರು. ನಮ್ಮ ಜಿಲ್ಲೆಯ ಎಷ್ಟು ಮನೆಯಲ್ಲಿ ಅದು ಇದೆಯೋ.

ಪಾಳುಬಿದ್ದ ಕಟ್ಟಡ ಬರೆಯುವುದು ಸಲೀಸು ಅನ್ನುತ್ತಾರೆ, ತಪ್ಪಿದರೂ ತಿಳಿಯುವುದಿಲ್ಲ ಎಂದು. ಹಾಗಲ್ಲ. ಮುರಿದ ಕಮಾನಿನ ಉಳಿದ ತುಂಡು ಎಲ್ಲಿಗೆ ಹೋಗಿ ಸೇರುತ್ತಿತ್ತು ಅನ್ನುವುದು ಗೆರೆಯಲ್ಲಿ ಇರದಿದ್ದರೆ ಅದು ಕಲ್ಲಿನ ರಾಶಿಯಾಗಿ ಕಾಣುತ್ತದೆ. ಕಚ್ಚಾ ಲೇಯರ್‌ನಲ್ಲಿ ಕಮಾನು ಪೂರ್ತಿ ಕಟ್ಟಿದೆ, ಪಕ್ಕಾ ಗೆರೆಯಲ್ಲಿ ಉಳಿದಷ್ಟನ್ನೇ ಎತ್ತಿಕೊಂಡೆ. ಲೇಯರ್ ಎಂಬುದಕ್ಕೆ ನಾನು ಮನಸಾರೆ ಋಣಿಯಾದದ್ದು ಇಲ್ಲೊಂದೇ ಕಡೆ.

ಮುಂಜಾನೆ ಬೇಗ ಹೋಗಿ ಬಿಸಿಲೇರುವ ಮೊದಲೇ ಹೊರಟದ್ದರಿಂದ ಟ್ಯಾಬ್ ಮುನಿಯಲಿಲ್ಲ.

12 ಮೇ

ನಮೂನೆಗೆ ಅಂತ ಒಂದು ಪುಟ ಮುದ್ರಿಸಿ ತಂದೆ. ಕೋಟೆಯ ನೆರಳು ಪೂರ್ತಿ ಕೆಸರು. ಪರದೆಯ ಮೇಲೆ ನೀಲಿ ಬೆರೆತ ಕಪ್ಪು ಎಷ್ಟು ಚಂದ ಇತ್ತು! ಪರದೆ ತಾನೇ ಬೆಳಗುತ್ತದೆ, ಕಾಗದ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಉಳಿದದ್ದನ್ನಷ್ಟೇ ಕೊಡುತ್ತದೆ. ಅದರಲ್ಲೂ ನೀಲಿ, ನೇರಳೆ ಬಣ್ಣಗಳು ನಾಲ್ಕು ಶಾಯಿಯ ಮುದ್ರಣಕ್ಕೆ ಇಳಿದಾಗ ಮಂಕಾಗುವುದು ಹೆಚ್ಚು. ಮುದ್ರಣದಲ್ಲಿ ಹೇಗೆ ಕಾಣಬಹುದು ಎಂದು ಮೊದಲೇ ತೋರಿಸುವ ಸೌಕರ್ಯ ಕ್ರಿತಾದಲ್ಲಿದೆ. ಇನ್ನು ಬಣ್ಣ ಹಾಕುವಾಗ ಅದನ್ನು ಹಾಕಿಕೊಂಡೇ ಕೂರುವುದು. ಎಲ್ಲ ಚಿತ್ರಗಳ ನೆರಳಿನ ಲೇಯರ್ ತಿಳಿ ಮಾಡಿದೆ. ಒಂದೇ ಲೇಯರ್‌ನಲ್ಲಿ ಇಟ್ಟದ್ದಕ್ಕೆ ಒಂದು ಸಂಜೆಯಲ್ಲಿ ಮುಗಿಯಿತು.

20 ಮೇ

ಚಿತ್ರಗಳನ್ನು ಬೆಂಗಳೂರಿಗೆ ಕಳಿಸಿದೆ. ಸಂಜೆಗೇ ಮೇಡಂ ಫೋನು. ಎಲ್ಲ ಇಷ್ಟವಾಗಿವೆ, ಜಾಮಿ ಮಸೀದಿಯ ಒಳಗಿನ ಬೆಳಕು ಬಹಳ ಚೆನ್ನಾಗಿದೆ. “ಒಂದೇ ಒಂದು ಸಣ್ಣದು. ಡಿಸೈನರ್ ಹೇಳ್ತಿದಾರೆ, ಆ ಹಸನ್ ಗೋರಿಯ ಗೋಡೆ ಸ್ವಲ್ಪ ಸೊಟ್ಟ ಬಂದಿದೆ, ನೇರ ಮಾಡಿ ಕಳಿಸ್ತೀರಾ?”

ಕಟ್ಟಡವೇ ಹಾಗಿದೆ ಮೇಡಂ, ಅಂದೆ. ಮೂರು ದಿಕ್ಕಿನಿಂದ ತೆಗೆದ ಫೋಟೋ ಕಳಿಸಿದೆ. ಒಂದರ ಮೇಲೆ ನಿಲುವಿನ ಕೆಂಪು ಗೆರೆ ಎಳೆದು, ಗೋಡೆ ಅದರಿಂದ ಎಷ್ಟು ಸರಿದಿದೆ ಎಂದು ತೋರಿಸಿದೆ. ರಾತ್ರಿ ಉತ್ತರ ಬಂತು: ಹಾಗೇ ಇರಲಿ, ಮಕ್ಕಳಿಗೆ ತಿಳಿಯುವ ಹಾಗೆ ಆ ಕೆಂಪು ಗೆರೆಯನ್ನೂ ಚಿತ್ರದಲ್ಲಿ ಸೇರಿಸಿಕೊಡಿ, ಕೆಳಗೆ ಎರಡು ಸಾಲು ಬರೆಯೋಣ.

ಅದಕ್ಕೊಂದು ಹೊಸ ಲೇಯರ್ ತೆಗೆಯಬೇಕು. ಗಾಣಗಾಪುರದ ಸಂಗಮದ ಪುಟ ಇನ್ನೂ ಬಾಕಿ ಇದೆ, ಪೆನ್ನಿನ ತುದಿಯೂ ಸವೆದು ಲೋಹ ಕಾಣುತ್ತಿದೆ. ತಮ್ಮನಿಗೆ ನಾಳೆ ಕಲಬುರಗಿಯಿಂದ ಎರಡು ತುದಿ ತರಲು ಹೇಳಿದ್ದೇನೆ.